ನೀವು ಕೊನೆಯ ಸಲ ಈ ಫಾರಂ ತುಂಬಿದ್ದು ಯಾವಾಗ?

ಮತದಾರರ ಪಟ್ಟಿ ತಯಾರಿಸುವ ಅಧಿಕಾರಿಗಳಿಗೆ,

ನಮಸ್ಕಾರ. ನೀವು ಯಾವ ದೇಶದ ಕಚೇರಿಯಲ್ಲಿ ಕೂತಿದ್ದೀರಿ ಅನ್ನುವುದು ಈ ಪತ್ರಕ್ಕೆ ಅಷ್ಟು ಮುಖ್ಯವಲ್ಲ. ಕೆಲವು ಕಡೆ ನಿಮ್ಮನ್ನು ಚುನಾವಣಾ ಆಯೋಗ ಅನ್ನುತ್ತಾರೆ, ಕೆಲವು ಕಡೆ ನೋಂದಣಿ ಅಧಿಕಾರಿ ಅನ್ನುತ್ತಾರೆ. ಕೆಲಸ ಮಾತ್ರ ಒಂದೇ. ಯಾರ ಹೆಸರು ಪಟ್ಟಿಯಲ್ಲಿ ಇರಬೇಕು, ಯಾರದು ಇರಬಾರದು ಅಂತ ತೀರ್ಮಾನಿಸುವವರು ನೀವು.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹೆಸರು ಸೇರಿಸುವ ಫಾರಂ ನಿಮ್ಮ ಮೇಜಿನ ಮೇಲೆ ದಿನಾ ಓಡಾಡುತ್ತದೆ. ಅದನ್ನು ನಿಮ್ಮದೇ ಹೆಸರಿಗೆ, ನಿಮ್ಮದೇ ಕೈಯಿಂದ ತುಂಬಿದ್ದು ಕೊನೆಯ ಸಲ ಯಾವಾಗ?

ಬಹುಶಃ ನೆನಪಿಲ್ಲ. ನನಗೂ ನೆನಪಿಲ್ಲ. ನಿಜ ಹೇಳಬೇಕೆಂದರೆ ಮೊದಲ ಸಲ ನಾನು ಅದನ್ನು ತುಂಬಿಯೇ ಇರಲಿಲ್ಲ. ನನಗೆ ವೋಟಿನ ವಯಸ್ಸು ಬಂದ ವರ್ಷ ಯಾರೋ ಒಬ್ಬರು ರಿಜಿಸ್ಟರ್ ಹಿಡಿದು ಮನೆಗೆ ಬಂದಿದ್ದರು. ಅಪ್ಪ ಬಾಗಿಲಲ್ಲಿ ನಿಂತು ಮನೆಯವರ ಹೆಸರು ಒಂದೊಂದಾಗಿ ಹೇಳಿದರು. ನನ್ನ ಹೆಸರೂ ಆ ಸಾಲಿನಲ್ಲಿ ಹೋಯಿತು. ನಾನು ಆಗ ಮನೆಯಲ್ಲೂ ಇರಲಿಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ, ಲಿಸ್ಟಿಗೆ ಹೆಸರು ಸೇರಿಸಿಕೊಳ್ಳಲೂ ಸೋಮಾರಿತನ ಅನ್ನುವ ಮಾತನ್ನು ನನ್ನ ವಯಸ್ಸಿನವರೇ ಜಾಸ್ತಿ ಆಡುತ್ತಾರೆ. ನಾವು ಯಾವ ಶ್ರದ್ಧೆಯಿಂದ ಸೇರಿದೆವು? ನಮ್ಮಲ್ಲಿ ಬಹಳ ಜನ ಅಪ್ಪನ ಬಾಯಿಂದ ಸೇರಿದವರು.

ಬ್ರಿಟನ್ನಿನಲ್ಲೂ 2014ರವರೆಗೆ ಹೆಚ್ಚುಕಡಿಮೆ ಹೀಗೇ ಇತ್ತು. ಮನೆಗೊಂದು ಫಾರಂ ಬರುತ್ತಿತ್ತು, ಮನೆಯ ಯಾರಾದರೊಬ್ಬರು ಎಲ್ಲರ ಹೆಸರು ಬರೆದು ಕಳಿಸುತ್ತಿದ್ದರು. ವಿಶ್ವವಿದ್ಯಾಲಯದ ಹಾಸ್ಟೆಲ್ಲಿನವರು ಅಲ್ಲಿರುವ ವಿದ್ಯಾರ್ಥಿಗಳ ಹೆಸರನ್ನು ಒಟ್ಟಿಗೆ ಕೊಡುತ್ತಿದ್ದರು. ಆ ವರ್ಷದಿಂದ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಕೊಡಬೇಕು ಅಂತಾಯಿತು. ಒಬ್ಬರ ಹೆಸರನ್ನು ಇನ್ನೊಬ್ಬರು ಕೊಡುವುದರಲ್ಲಿ ಮೋಸಕ್ಕೆ ದಾರಿ ಇದೆ ಅನ್ನುವ ಕಾರಣ ಸುಳ್ಳಲ್ಲ. ಆದರೆ ಅದರಿಂದ ಪಟ್ಟಿಯಿಂದ ಹೊರಗೆ ಉಳಿದವರಲ್ಲಿ ವಿದ್ಯಾರ್ಥಿಗಳು, ಬಾಡಿಗೆ ಮನೆಯವರು, ಹೊಸದಾಗಿ ವಯಸ್ಸಿಗೆ ಬಂದವರು ಎದ್ದು ಕಂಡರು. ಮೊದಲೇ ಲಿಸ್ಟಿನಲ್ಲಿದ್ದ ಹಿರಿಯರಲ್ಲಿ ಬಹುಪಾಲು ಜನರ ಹೆಸರನ್ನು ಸರ್ಕಾರವೇ ತನ್ನ ದಾಖಲೆ ನೋಡಿ ಹೊಸ ಪದ್ಧತಿಗೆ ದಾಟಿಸಿತು. ಮೊದಲ ಸಲ ಬರುವವರಿಗೆ ಆ ಅನುಕೂಲ ಸಿಗಲಿಲ್ಲ, ಯಾಕೆಂದರೆ ಅವರ ಹೆಸರು ಹಳೆಯ ಪಟ್ಟಿಯಲ್ಲೇ ಇರಲಿಲ್ಲ.

ನನ್ನ ಇಡೀ ದೂರು ಇಲ್ಲೇ ಇದೆ. ಹೆಸರು ಸೇರಿಸುವುದು ಎಲ್ಲರಿಗೂ ಒಂದೇ ನಿಯಮ ಅಂತ ನೀವು ಹೇಳುತ್ತೀರಿ. ಕಾಗದದ ಮೇಲೆ ಹೌದು. ಆದರೆ ಒಂದೇ ಮನೆಯಲ್ಲಿ ಮೂವತ್ತು ವರ್ಷ ಇದ್ದವರು ಆ ನಿಯಮದ ಮುಖವನ್ನೇ ನೋಡುವುದಿಲ್ಲ. ಅದು ಎದುರಾಗುವುದು ಇಬ್ಬರಿಗೆ ಮಾತ್ರ. ಒಬ್ಬರು ಹೊಸಬರು, ಇನ್ನೊಬ್ಬರು ಮನೆ ಬದಲಿಸಿದವರು. ಹದಿನೆಂಟರಿಂದ ಇಪ್ಪತ್ತೈದರ ಒಳಗಿನವರು ಬಹುತೇಕ ಎರಡೂ ಆಗಿರುತ್ತಾರೆ.

ನಾನು ಮೇಷ್ಟ್ರು. ಆ ವಯಸ್ಸಿನವರಿಗೆ ಪಾಠ ಹೇಳುತ್ತೇನೆ. ಕೆಲವು ವರ್ಷಗಳಿಂದ ಪಾಠ ಮುಗಿದ ಮೇಲೆ ಒಂದು ಮೇಜು ಹಾಕಿಕೊಂಡು ಹೆಸರು ಸೇರಿಸುವ ಫಾರಂ ತುಂಬಿಸಲು ಕೂರುತ್ತೇನೆ. ಯಾರೂ ಹೇಳಿದ್ದಲ್ಲ, ಸುಮ್ನೆ ಶುರುವಾದದ್ದು. ಮೊದಲ ದಿನ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ.

ಹೆಸರಿನ ಕಾಲಂ ಸಲೀಸಾಗಿ ಆಗುತ್ತದೆ. ಹುಟ್ಟಿದ ದಿನಾಂಕವೂ ಸರಿ. ವಿಳಾಸಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಎಲ್ಲರದೂ ಅಲ್ಲೇ ನಿಲ್ಲುತ್ತದೆ. ತಲೆ ಎತ್ತಿ ಕೇಳುತ್ತಾರೆ: "ಸರ್, ಯಾವ ವಿಳಾಸ ಬರೀಲಿ?"

ಈ ಪ್ರಶ್ನೆಯನ್ನು ದಡ್ಡತನ ಅಂದುಕೊಳ್ಳಬೇಡಿ. ನಿಮ್ಮ ಪಟ್ಟಿ ಮನೆಬಾಗಿಲುಗಳ ಪಟ್ಟಿ. ಬೀದಿ, ಮನೆ ನಂಬರು, ಆ ಮನೆಯಲ್ಲಿ ಯಾರು ಯಾರು, ಆ ಬೀದಿಗೆ ಯಾವ ಮತಗಟ್ಟೆ ಅಂತ ಅದು ಸಾಗುತ್ತದೆ. ಒಬ್ಬ ಮನುಷ್ಯನಿಗೆ ಒಂದು ಬಾಗಿಲು ಇದೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ. ಇತ್ತ ಕಾನೂನು ವೋಟು ಕೊಡುವ ವಯಸ್ಸು ಯಾವುದು ನೋಡಿ. ಭಾರತದಲ್ಲಿ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಅಮೆರಿಕದಲ್ಲಿ 26ನೇ ತಿದ್ದುಪಡಿಯಿಂದ 1971ರಲ್ಲೇ ಇಳಿದಿತ್ತು. ಈಗ ಜಗತ್ತಿನ ಹೆಚ್ಚಿನ ದೇಶಗಳಲ್ಲಿ ಹದಿನೆಂಟೇ. ಮನೆ ಬಿಡುವ ವಯಸ್ಸೂ ಹೆಚ್ಚುಕಡಿಮೆ ಅದೇ ಅಲ್ವಾ? ಓದಲು ಒಬ್ಬ, ಕೆಲಸಕ್ಕೆ ಒಬ್ಬಳು, ಸೈನ್ಯಕ್ಕೆ ಇನ್ನೊಬ್ಬ, ಮದುವೆಯಾಗಿ ಮತ್ತೊಬ್ಬಳು. ವೋಟು ಕೈಗೆ ಬರುವ ಹೊತ್ತಿಗೆ ಬಾಗಿಲು ತಪ್ಪಿಹೋಗಿರುತ್ತದೆ.

ನನ್ನ ಒಬ್ಬ ವಿದ್ಯಾರ್ಥಿನಿಯ ಕತೆ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ಇದ್ದು ಓದುತ್ತಿದ್ದಾಳೆ. ಮೊದಲು ತನ್ನ ಮನೆಯ ವಿಳಾಸ ಕೊಟ್ಟು ಅರ್ಜಿ ಹಾಕಿದಳು. ವಿಚಾರಣೆಗೆ ಒಬ್ಬರು ಮನೆಗೆ ಹೋದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು, ಮನೆಗೆ ಬೀಗ. ಪಕ್ಕದವರನ್ನು ಕೇಳಿದಾಗ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಆ ಹುಡುಗಿ ಇಲ್ಲಿಲ್ಲ, ಓದೋಕೆ ಹೋಗಿದಾಳೆ." ಅರ್ಜಿ ತಿರಸ್ಕಾರವಾಯಿತು. ಕಾರಣದ ಜಾಗದಲ್ಲಿ "ವಾಸವಿಲ್ಲ" ಅಂತ ಒಂದೇ ಪದ. ಸರಿ, ಇರುವ ಕಡೆಯೇ ಹಾಕೋಣ ಅಂತ ಹಾಸ್ಟೆಲ್ ವಿಳಾಸ ಬರೆದಳು. ಅದಕ್ಕೆ ಪುರಾವೆ ಬೇಕು. ಹಾಸ್ಟೆಲ್ ಕಚೇರಿಗೆ ಹೋಗಿ ಪತ್ರ ಕೇಳಿದರೆ, ಎರಡು ವರ್ಷ ಆದಮೇಲೆ ಹೋಗಿಬಿಡ್ತೀಯಲ್ಲ, ನಿನಗೆ ಇಲ್ಲಿ ಯಾಕೆ ವೋಟು ಅಂದರಂತೆ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲು, ಮನೆ ಕರಾರು ಯಾವುದೂ ಅವಳ ಹೆಸರಿನಲ್ಲಿ ಇಲ್ಲ. ಇರುವುದಕ್ಕೆ ಹೇಗೆ ಸಾಧ್ಯ? ಅವಳ ಪಾಲಿಗೆ ಇರುವುದು ಒಂದು ಮಂಚ, ಒಂದು ಕಪಾಟು.

ಮನೆಯಲ್ಲಿ ಕೇಳಿದರೆ ಹಾಸ್ಟೆಲ್ಲಿನವಳು. ಹಾಸ್ಟೆಲ್ಲಿನಲ್ಲಿ ಕೇಳಿದರೆ ಮನೆಯವಳು. ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುವುದು ಅಂದರೆ ಇದೇ.

ಬೇಸರದ ವಿಷಯ ಏನೆಂದರೆ, ಕಾನೂನು ಅವಳ ವಿರುದ್ಧ ಇಲ್ಲ. ಭಾರತದ 1950ರ ಜನಪ್ರತಿನಿಧಿ ಕಾಯ್ದೆ ಕೇಳುವುದು "ಸಾಮಾನ್ಯವಾಗಿ ವಾಸಿಸುವ" ಜಾಗವನ್ನು. ಮನೆ ಸ್ವಂತದ್ದಾಗಿರಬೇಕು ಅಂತ ಅದು ಹೇಳುವುದೇ ಇಲ್ಲ. ಒಂದು ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ನಿವಾಸ ಹೋಗುವುದಿಲ್ಲ ಅಂತಲೂ ಹೇಳುತ್ತದೆ. ಹಾಸ್ಟೆಲ್ಲಿನಲ್ಲಿ ಇರುವ ವಿದ್ಯಾರ್ಥಿ ತನ್ನ ಮನೆಯ ವಿಳಾಸದಲ್ಲೋ ಓದುವ ಊರಿನ ವಿಳಾಸದಲ್ಲೋ ಹೆಸರು ಸೇರಿಸಬಹುದು, ಎರಡನೆಯದಕ್ಕೆ ಓದುವ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಸಾಕು. ಬೀದಿಯಲ್ಲಿ ಮಲಗುವವರಿಗೂ ಅಲ್ಲಿ ದಾರಿ ಇದೆ. ಕಾಗದ ಇಲ್ಲದಿದ್ದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೋಗಿ, ಅವರು ಹೇಳಿದ ಜಾಗದಲ್ಲೇ ಮಲಗುತ್ತಾರಾ ಅಂತ ನೋಡಿ ಬರಬೇಕು. ಇಷ್ಟು ಒಳ್ಳೆಯ ನಿಯಮ ಬರೆದವರಿಗೆ ನನ್ನ ನಮಸ್ಕಾರ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಗಾದೆ ಈ ಫಾರಮ್ಮಿಗೇ ಹುಟ್ಟಿಕೊಂಡ ಹಾಗಿದೆ. ಹಾಸ್ಟೆಲ್ ಕಚೇರಿಯವರು ಆ ಪತ್ರ ಕೊಡದಿದ್ದರೆ ಅವಳು ಯಾರನ್ನು ಕೇಳಬೇಕು?

ಇದು ಒಂದು ದೇಶದ ಕತೆ ಅಲ್ಲ. ಅಮೆರಿಕದ ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ ಪ್ರೇರಿ ವ್ಯೂ ಅನ್ನುವ ಕರಿಯರ ಹಳೆಯ ವಿಶ್ವವಿದ್ಯಾಲಯ ಇದೆ. ಎಪ್ಪತ್ತರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಹೆಸರು ಸೇರಿಸಲು ಹೋದರೆ ಬೇರೆ ಪ್ರಶ್ನಾವಳಿ ಕೊಡುತ್ತಿದ್ದರು. ಓದು ಮುಗಿದ ಮೇಲೆ ಇಲ್ಲೇ ಇರುತ್ತೀರಾ, ಇಲ್ಲಿ ಆಸ್ತಿ ಇದೆಯಾ ಅನ್ನುವ ಧಾಟಿಯ ಪ್ರಶ್ನೆಗಳು. ಹಾಸ್ಟೆಲ್ಲಿನವರು ನನ್ನ ವಿದ್ಯಾರ್ಥಿನಿಗೆ ಕೇಳಿದ್ದೂ ಇದನ್ನೇ! ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಹಾಗೆ ಕೇಳಿ ವಿದ್ಯಾರ್ಥಿಗಳನ್ನು ಹೊರಗಿಡಬಾರದು ಅಂತ 1979ರಲ್ಲಿ ಇತ್ಯರ್ಥವಾಯಿತು. ಬ್ರಿಟನ್ನಿನಲ್ಲಿ ಇನ್ನೊಂದು ಥರ. ವಿದ್ಯಾರ್ಥಿಯ ಹೆಸರು ಎರಡೂ ಕಡೆ ಇರಬಹುದು, ಮನೆಯ ವಿಳಾಸದಲ್ಲೂ ಓದುವ ಊರಿನಲ್ಲೂ. ಸಂಸತ್ತಿನ ಚುನಾವಣೆಯಲ್ಲಿ ಮಾತ್ರ ಒಂದೇ ಕಡೆ ವೋಟು ಹಾಕಬೇಕು, ಎರಡು ಕಡೆ ಹಾಕಿದರೆ ಅಪರಾಧ. ಮನುಷ್ಯನಿಗೆ ಎರಡು ಬಾಗಿಲು ಇರಬಹುದು ಅಂತ ಒಪ್ಪಿಕೊಂಡ ಪದ್ಧತಿ ಅದು. ಭಾರತದಲ್ಲಿ ಎರಡು ಕಡೆ ಹೆಸರು ಇರುವುದೇ ನಿಷಿದ್ಧ. ಯಾವುದು ಮೇಲು ಅಂತ ನಾನು ವಾದಿಸುವುದಿಲ್ಲ. ಒಂದೇ ಬಾಗಿಲು ಅನ್ನುವುದಾದರೆ, ಆ ಒಂದನ್ನಾದರೂ ಸುಲಭವಾಗಿ ಒಪ್ಪಿಕೊಳ್ಳಿ.

ಇನ್ನೊಂದು ತಡೆ ಇದೆ. ಅದು ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ, ಯಾಕೆಂದರೆ ಆ ಅರ್ಜಿಗಳು ನಿಮ್ಮ ತನಕ ಬರುವುದೇ ಇಲ್ಲ. ಫಾರಂ ಕೊನೆಯಲ್ಲಿ ಒಂದು ಎಚ್ಚರಿಕೆ ಇರುತ್ತದೆ. ಸುಳ್ಳು ಹೇಳಿಕೆ ಕೊಟ್ಟರೆ ಶಿಕ್ಷೆ. ಭಾರತದಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬೇರೆ ದೇಶಗಳಲ್ಲೂ ಇಂಥದ್ದು ಇದೆ, ಇರಬೇಕು ಕೂಡ. ಆದರೆ ಇದಕ್ಕೆ ಹೆದರುವವರು ಯಾರು? ಮೋಸ ಮಾಡಲು ಬಂದವನು ಆ ಸಾಲನ್ನು ಓದುವುದೂ ಇಲ್ಲ. ಓದುವವಳು ಇಂಥ ಹುಡುಗಿ. "ಸರ್, ನಾನು ರಜೆಗೆ ಮನೆಗೆ ಹೋಗ್ತೀನಿ, ಹಾಗಾದ್ರೆ ಇಲ್ಲಿ ವಾಸ ಅಂತ ಬರೆದರೆ ಸುಳ್ಳಾಗುತ್ತಾ?" ಅಂತ ಕೇಳಿದವರು ನನ್ನ ಮೇಜಿನ ಮುಂದೆ ಒಬ್ಬಿಬ್ಬರಲ್ಲ. ಕೇಳಿ, ಸ್ವಲ್ಪ ಯೋಚನೆ ಮಾಡಿ, ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದು ಹೋದವರಿದ್ದಾರೆ. ಅವರು ನಿಮ್ಮ ಅಂಕಿಅಂಶದಲ್ಲಿ "ಆಸಕ್ತಿ ಇಲ್ಲದ ಯುವಜನ" ಆಗುತ್ತಾರೆ.

ಸಾಮಾನ್ಯ ವಾಸ ಅಂದರೆ ಏನು ಅಂತ ಎರಡು ಸಾಲು ಆಡುಮಾತಿನಲ್ಲಿ ಬರೆಯಲು ಎಷ್ಟು ಹೊತ್ತು ಬೇಕು? ವರ್ಷದ ಹೆಚ್ಚಿನ ರಾತ್ರಿ ಎಲ್ಲಿ ಮಲಗುತ್ತೀರೋ ಆ ಜಾಗ, ರಜೆಗೆ ಬೇರೆ ಕಡೆ ಹೋದರೆ ತೊಂದರೆ ಇಲ್ಲ, ಹಾಸ್ಟೆಲ್ ಆದರೂ ಆಗುತ್ತದೆ. ಇಷ್ಟು ಬರೆದರೆ ಆಯಿತು. ಶಿಕ್ಷೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಲು ಜಾಗ ಸಿಕ್ಕಿದೆ, ಇದಕ್ಕೆ ಸಿಕ್ಕಿಲ್ಲ.

ಕಾಗದಪತ್ರಗಳ ಬಗ್ಗೆಯೂ ಹೇಳಲೇಬೇಕು. ವಯಸ್ಸಾದಷ್ಟೂ ಮನುಷ್ಯನ ಹತ್ತಿರ ಕಾಗದ ಸೇರುತ್ತದೆ. ಎಳೆಯರ ಹತ್ತಿರ ಕಡಿಮೆ ಇರುತ್ತದೆ. ಹಾಗಾಗಿ ಎಳೆಯರಿಂದ ಕಡಿಮೆ ಕೇಳಬೇಕು ಅನ್ನುವುದು ನನ್ನ ಸಾದಾ ಬುದ್ಧಿ. ಆದರೆ 2025ರಲ್ಲಿ ಬಿಹಾರದಲ್ಲಿ ಶುರುವಾದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ, ಅಂದರೆ ಇಡೀ ಮತದಾರರ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ಕೆಲಸದಲ್ಲಿ, ಲೆಕ್ಕ ತಿರುವುಮುರುವಾಗಿತ್ತು. 2003ರ ಪಟ್ಟಿಯಲ್ಲಿ ಹೆಸರು ಇದ್ದ ಹಿರಿಯರಿಗೆ ಆ ಪಟ್ಟಿಯ ಪ್ರತಿಯೇ ಸಾಕಿತ್ತು. 1987ರ ಜುಲೈಗಿಂತ ಮೊದಲು ಹುಟ್ಟಿ ಆ ಪಟ್ಟಿಯಲ್ಲಿ ಇಲ್ಲದವರು ತಮ್ಮದೊಂದು ದಾಖಲೆ ಕೊಡಬೇಕಿತ್ತು. ಅಲ್ಲಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರು ತಮ್ಮದರ ಜೊತೆಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರದು ಕೊಡಬೇಕಿತ್ತು. ಆಮೇಲೆ ಹುಟ್ಟಿದವರು ತಮ್ಮದು, ಅಪ್ಪನದು, ಅಮ್ಮನದು ಮೂರೂ ಕೊಡಬೇಕಿತ್ತು. 2004ರ ಡಿಸೆಂಬರ್ ಆದಮೇಲೆ ಹುಟ್ಟಿದವರು ಅಂದರೆ 2025ರಲ್ಲಿ ಯಾರು? ಮೊದಲ ಸಲ ವೋಟು ಹಾಕಬೇಕಾದ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರವರು. ಪೌರತ್ವ ಕಾಯ್ದೆಯಲ್ಲಿ ಇರುವ ದಿನಾಂಕಗಳನ್ನೇ ತೆಗೆದುಕೊಂಡಿದ್ದೇವೆ ಅನ್ನುವ ಉತ್ತರ ನನಗೆ ಗೊತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಧಾರನ್ನೂ ಗುರುತಿನ ದಾಖಲೆಯಾಗಿ ಒಪ್ಪಿಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆದರೂ ಅಪ್ಪನ ಮುಖವನ್ನೇ ಕಾಣದ ಮಗು, ಮನೆಯವರ ಜೊತೆ ಮಾತು ಬಿಟ್ಟು ಬಂದ ಹುಡುಗ, ಅನಾಥಾಲಯದಲ್ಲಿ ಬೆಳೆದವಳು ಆ ಮೂರು ಕಾಗದಗಳನ್ನು ಎಲ್ಲಿಂದ ತರಬೇಕು?

ಆನ್‌ಲೈನ್ ಮಾಡಿದ್ದೇವೆ, ಇನ್ನೇನು ಬೇಕು ಅಂತ ನೀವು ಕೇಳಬಹುದು. ಒಳ್ಳೆಯದೇ ಆಯಿತು. ಆದರೆ ಪರದೆಯ ಮೇಲೂ ವಿಳಾಸದ ಕಾಲಂ ಅದೇ, ಪುರಾವೆಯ ಕಾಲಂ ಅದೇ. ಫೋಟೋ ಇಷ್ಟು ಕೆಬಿಗಿಂತ ಜಾಸ್ತಿ ಇರಬಾರದು ಅನ್ನುವ ಹೊಸ ಕಾಟ ಒಂದು ಸೇರಿಕೊಂಡಿದೆ, ಅಷ್ಟೇ.

ಇನ್ನು ದಿನಾಂಕಗಳು. ಭಾರತದಲ್ಲಿ 2022ರವರೆಗೆ ವರ್ಷಕ್ಕೆ ಒಂದೇ ದಿನ ಲೆಕ್ಕ, ಜನವರಿ 1. ಆ ದಿನಕ್ಕೆ ಹದಿನೆಂಟು ತುಂಬಿರಬೇಕು. ಜನವರಿ 2ರಂದು ಹುಟ್ಟಿದವನು ಮುಂದಿನ ಜನವರಿವರೆಗೆ ಕಾಯಬೇಕಿತ್ತು. ನಡುವೆ ಚುನಾವಣೆ ಬಂದರೆ, ಹದಿನೆಂಟು ತುಂಬಿದ್ದರೂ ವೋಟಿಲ್ಲ. ನನ್ನ ಮೇಜಿನ ಮುಂದೆ ಒಬ್ಬ ಹುಡುಗ "ಒಂದು ದಿನ ಲೇಟಾಗಿ ಹುಟ್ಟಿದ್ದಕ್ಕೆ ಐದು ವರ್ಷ ಶಿಕ್ಷೆನಾ ಸರ್" ಅಂದಿದ್ದ. ಮುಂದಿನ ಚುನಾವಣೆ ಐದು ವರ್ಷಕ್ಕೆ ತಾನೇ! ನಾನು ನಕ್ಕೆ, ಆಮೇಲೆ ನಗು ಬರಲಿಲ್ಲ. ಇದನ್ನು ಸರಿಮಾಡಿದ್ದಕ್ಕೆ ಶಾಭಾಸ್ ಅನ್ನಲೇಬೇಕು. 2022ರ ಆಗಸ್ಟಿನಿಂದ ವರ್ಷಕ್ಕೆ ನಾಲ್ಕು ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ನನ್ನ ಮೇಜಿಗೆ ಬರುವವರಲ್ಲಿ ಈ ವಿಷಯ ಗೊತ್ತಿರುವವರು ಕಡಿಮೆ ಅನ್ನುವುದು ಬೇರೆ ಮಾತು.

ಬಾಗಿಲು ಮುಚ್ಚುವ ದಿನ ಇದಕ್ಕಿಂತ ದೊಡ್ಡ ಸಮಸ್ಯೆ. ಚುನಾವಣೆಯ ಬಿಸಿ ಏರುವುದು ಕೊನೆಯ ಕೆಲವು ವಾರಗಳಲ್ಲಿ. ಸಭೆ, ಭಾಷಣ, ಜಗಳ, ಮನೆಮನೆ ಪ್ರಚಾರ ಎಲ್ಲ ಆಗ. ಮೊದಲ ಸಲದವರಿಗೆ ನಾನೂ ವೋಟು ಹಾಕಬೇಕು ಅನ್ನಿಸುವುದೂ ಆಗಲೇ. ಅಷ್ಟರಲ್ಲಿ ನಿಮ್ಮ ಪಟ್ಟಿ ಮುಚ್ಚಿರುತ್ತದೆ. ಬ್ರೆಜಿಲ್ಲಿನಲ್ಲಿ 2022ರ ಚುನಾವಣೆ ಅಕ್ಟೋಬರ್ 2ಕ್ಕೆ ಇತ್ತು, ಹೆಸರು ಸೇರಿಸಲು ಕೊನೆಯ ದಿನ ಮೇ 4. ಐದು ತಿಂಗಳು ಮುಂಚೆ! ಅಲ್ಲಿ ಹದಿನಾರು ಹದಿನೇಳರವರೂ ಇಷ್ಟವಿದ್ದರೆ ವೋಟು ಹಾಕಬಹುದು. ಆ ವರ್ಷ ಭಾರಿ ಪ್ರಚಾರ ನಡೆದು, ವರ್ಷದ ಮೊದಲ ನಾಲ್ಕು ತಿಂಗಳಲ್ಲಿ 20 ಲಕ್ಷಕ್ಕೂ ಜಾಸ್ತಿ ಎಳೆಯರು ಹೆಸರು ಸೇರಿಸಿಕೊಂಡರು. ಸಮಯಕ್ಕೆ ಸರಿಯಾಗಿ ಕೂಗಿ ಕರೆದರೆ ಬರುತ್ತಾರೆ. ಸೋಮಾರಿಗಳು ಅನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಲಿ.

ಆಸ್ಟ್ರೇಲಿಯಾದ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಹೆಸರು ಸೇರಿಸುವುದು ಕಡ್ಡಾಯ, ವೋಟು ಹಾಕುವುದೂ ಕಡ್ಡಾಯ. ಚುನಾವಣೆ ಘೋಷಣೆಯಾಗಿ ಆದೇಶ ಹೊರಟ ಮೇಲೆ ಏಳು ದಿನ ಬಿಡುವು ಇರುತ್ತಿತ್ತು, ಅಷ್ಟರಲ್ಲಿ ಹೆಸರು ಸೇರಿಸಬಹುದಿತ್ತು. 2006ರಲ್ಲಿ ಕಾನೂನು ಬದಲಿಸಿದರು. ಹೊಸಬರಿಗೆ ಆದೇಶ ಹೊರಟ ದಿನವೇ ರಾತ್ರಿ ಎಂಟಕ್ಕೆ ಬಾಗಿಲು ಬಂದ್. 2010ರ ಆಗಸ್ಟಿನಲ್ಲಿ ಚುನಾವಣೆಗೆ ಎರಡು ವಾರ ಇರುವಾಗ ಅಲ್ಲಿನ ಹೈಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ದೂರು ಕೊಟ್ಟವರಲ್ಲಿ ಒಬ್ಬಳು ಆಗಷ್ಟೇ ಹದಿನೆಂಟು ತುಂಬಿದವಳು. ಆ ಏಳು ದಿನದಲ್ಲಿ ಅರ್ಜಿ ಕೊಟ್ಟಿದ್ದ ಸಾವಿರಾರು ಜನರ ಹೆಸರನ್ನು ಕಚೇರಿಯವರು ಎರಡು ವಾರದಲ್ಲಿ ಸೇರಿಸಿಯೂಬಿಟ್ಟರು. ಅಂದರೆ ಆಗುವುದಿಲ್ಲ ಅಂದ ಕೆಲಸ ಆಯಿತು. ಕೆನಡಾದಲ್ಲಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ಬರೆಸಿ ವೋಟು ಹಾಕಬಹುದು. ಅಮೆರಿಕದ ಮಿನ್ನೆಸೋಟದಲ್ಲಿ ಎಪ್ಪತ್ತರ ದಶಕದಿಂದ ಹಾಗೆ ನಡೆಯುತ್ತಿದೆ. ನಾರ್ತ್ ಡಕೋಟದಲ್ಲಂತೂ ನೋಂದಣಿ ಅನ್ನುವುದೇ ಇಲ್ಲ, ಗುರುತು ವಿಳಾಸ ತೋರಿಸಿ ವೋಟು ಹಾಕುತ್ತಾರೆ. ಎಲ್ಲರೂ ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಕೋಟಿಗಟ್ಟಲೆ ಜನ ಇರುವ ಕಡೆ ಮತಗಟ್ಟೆಯಲ್ಲೇ ಹೆಸರು ಬರೆಸುವುದು ಗೊಂದಲ ತರಬಹುದು. ಆದರೆ "ಸಾಧ್ಯವೇ ಇಲ್ಲ" ಅನ್ನುವ ಪದವನ್ನು ಸ್ವಲ್ಪ ಜಿಪುಣತನದಿಂದ ಬಳಸಿ.

ಈಗ ನಿಮ್ಮ ಕಡೆಯ ಮಾತು. ಪಟ್ಟಿ ಚೊಕ್ಕಟವಾಗಿರಬೇಕು. ಸತ್ತವರ ಹೆಸರು ಇರಬಾರದು, ಒಬ್ಬನದು ಎರಡು ಕಡೆ ಇರಬಾರದು, ಇಲ್ಲದವರ ಹೆಸರು ಇರಬಾರದು. ಖಂಡಿತ ಒಪ್ಪುತ್ತೇನೆ. ಕಳ್ಳವೋಟು ಬೀಳುವ ಪಟ್ಟಿಯಿಂದ ಎಳೆಯರಿಗೂ ಏನೂ ಲಾಭ ಇಲ್ಲ. ಆದರೆ ಒಬ್ಬನ ಹೆಸರು ಎರಡು ಕಡೆ ಉಳಿಯುವುದು ಯಾಕೆ? ಬಹಳ ಸಲ ಅವನು ಮನೆ ಬದಲಿಸಿದಾಗ ಹಳೆಯ ಕಡೆ ಹೆಸರು ತೆಗೆಸಲು ಪುನಃ ಓಡಾಡಬೇಕಾದ್ದರಿಂದ. ಇಲ್ಲಿ ಸೇರಿಸಿದ ಕೂಡಲೇ ಅಲ್ಲಿ ತಾನಾಗಿ ಹೋಗುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿರುವ ಕೆಲಸ, ಅವನ ಕೈಯಲ್ಲಿರುವುದಲ್ಲ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಮತದಾರರ ಪಟ್ಟಿ ಆ ದಾಖಲೆಯಿಂದಲೇ ತಯಾರಾಗುತ್ತದೆ. ಹದಿನೆಂಟು ತುಂಬಿದವನಿಗೆ ಚುನಾವಣೆಗೆ ಮುಂಚೆ ಮನೆಗೇ ಕಾಗದ ಬರುತ್ತದೆ. ಪ್ರತಿಯೊಬ್ಬರ ವಿಳಾಸ ಸರ್ಕಾರದ ಹತ್ತಿರ ಇರುವುದು ಎಲ್ಲ ದೇಶದವರಿಗೂ ಇಷ್ಟವಾಗುವುದಿಲ್ಲ, ನನಗೂ ಪೂರ್ತಿ ಇಷ್ಟವಿಲ್ಲ. ಅಂಥ ದಾಖಲೆ ಇಲ್ಲದ ಕಡೆ ಬೇರೆ ದಾರಿ ಹುಡುಕಿದ್ದಾರೆ. ಆಸ್ಟ್ರೇಲಿಯಾ 2012ರಿಂದ ಬೇರೆ ಸರ್ಕಾರಿ ಇಲಾಖೆಗಳ ಮಾಹಿತಿ ನೋಡಿ ತಾನೇ ಹೆಸರು ಸೇರಿಸುತ್ತದೆ, ಸೇರಿಸುವ ಮುಂಚೆ ಆ ವ್ಯಕ್ತಿಗೆ ತಿಳಿಸುತ್ತದೆ. ಅಮೆರಿಕದ ಆರೆಗಾನ್ 2016ರಿಂದ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದವರನ್ನು ಪಟ್ಟಿಗೆ ಸೇರಿಸುತ್ತಿದೆ, ಬೇಡ ಅನ್ನುವವರು ಬೇಡ ಅಂತ ಬರೆದು ಕಳಿಸಬಹುದು.

ಮಲೇಷ್ಯಾದ ಉದಾಹರಣೆ ನನಗೆ ತುಂಬ ಇಷ್ಟ. 2019ರ ಜುಲೈನಲ್ಲಿ ಅಲ್ಲಿನ ಕೆಳಮನೆಯಲ್ಲಿ ಸಂವಿಧಾನ ತಿದ್ದುಪಡಿಗೆ ಹಾಜರಿದ್ದ 211 ಸದಸ್ಯರೂ ಪರವಾಗಿ ವೋಟು ಹಾಕಿದರು. ಆಡಳಿತ ಪಕ್ಷ, ವಿರೋಧ ಪಕ್ಷ ಎಲ್ಲ ಒಟ್ಟಿಗೆ. ವೋಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು, ಜೊತೆಗೆ ಹೆಸರು ತಾನಾಗಿ ಸೇರುವ ಪದ್ಧತಿ ಬಂತು. ಆಮೇಲೆ ಏನಾಯಿತು? ತಯಾರಿ ಆಗಿಲ್ಲ, 2022ರ ಸೆಪ್ಟೆಂಬರ್ ಆಗಬಹುದು ಅಂದರು. ಎಳೆಯರು ಕೋರ್ಟಿಗೆ ಹೋದರು. 2021ರ ಡಿಸೆಂಬರ್ ಮುಗಿಯುವುದರೊಳಗೆ ಜಾರಿ ಮಾಡಿ ಅಂತ ಕೂಚಿಂಗ್ ಹೈಕೋರ್ಟ್ ಹೇಳಿತು. ಡಿಸೆಂಬರ್ 15ಕ್ಕೆ ಜಾರಿಯೂ ಆಯಿತು. 2018ರ ಚುನಾವಣೆಯಲ್ಲಿ ಸುಮಾರು 1 ಕೋಟಿ 49 ಲಕ್ಷ ಇದ್ದ ಮತದಾರರ ಸಂಖ್ಯೆ 2022ರ ನವೆಂಬರಿನ ಚುನಾವಣೆಗೆ ಸುಮಾರು 2 ಕೋಟಿ 11 ಲಕ್ಷ ಆಗಿತ್ತು. ಹೊಸಬರಲ್ಲಿ ಹದಿನೆಂಟರವರು ಮಾತ್ರ ಅಲ್ಲ, ವಯಸ್ಸು ದಾಟಿ ಎಷ್ಟೋ ವರ್ಷವಾದರೂ ಹೆಸರು ಸೇರಿಸದೇ ಉಳಿದವರು ಬಹಳ ಜನ ಇದ್ದರು. ಫಾರಂ ಅನ್ನುವ ಒಂದು ಗೋಡೆಯ ಹಿಂದೆ ಅಷ್ಟು ಜನ ನಿಂತಿದ್ದರು.

ನನ್ನ ವಾದಕ್ಕೆ ವಿರುದ್ಧವಾದ ಎರಡು ಉದಾಹರಣೆಗಳನ್ನೂ ಮುಚ್ಚಿಡುವುದಿಲ್ಲ. ಚಿಲಿ ದೇಶದಲ್ಲಿ 2012ರವರೆಗೆ ಹೆಸರು ಸೇರಿಸುವುದು ಅವರವರ ಇಷ್ಟ, ಒಮ್ಮೆ ಸೇರಿದರೆ ವೋಟು ಹಾಕುವುದು ಕಡ್ಡಾಯ. ಎಳೆಯರು ಆ ಉಸಾಬರಿಯೇ ಬೇಡ ಅಂತ ದೂರ ಉಳಿದರು, ಪಟ್ಟಿಗೆ ವರ್ಷದಿಂದ ವರ್ಷಕ್ಕೆ ವಯಸ್ಸಾಗುತ್ತಾ ಹೋಯಿತು. 2012ರಲ್ಲಿ ತಿರುಗಿಸಿದರು. ಹೆಸರು ತಾನಾಗಿ ಸೇರುವಂತಾಯಿತು, ವೋಟು ಹಾಕುವುದನ್ನು ಆಗ ಅವರವರ ಇಷ್ಟಕ್ಕೆ ಬಿಟ್ಟರು. ಪಟ್ಟಿ 80 ಲಕ್ಷದ ಆಸುಪಾಸಿನಿಂದ 1 ಕೋಟಿ 30 ಲಕ್ಷ ದಾಟಿತು. ಆದರೆ ಆ ವರ್ಷದ ಸ್ಥಳೀಯ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವೋಟು ಹಾಕಲಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ಮತಗಟ್ಟೆಗೆ ಬರುತ್ತಾರೆ ಅಂತೇನಿಲ್ಲ. ಅದು ರಾಜಕಾರಣಿಗಳು ತಲೆ ಕೆಡಿಸಿಕೊಳ್ಳಬೇಕಾದ ವಿಷಯ. ನಿಮ್ಮ ಜವಾಬ್ದಾರಿ ಅದಕ್ಕಿಂತ ಮೊದಲೇ ಮುಗಿಯುತ್ತದೆ, ಬರುವವನಿಗೆ ಬಾಗಿಲು ತೆರೆದಿರಬೇಕು ಅಷ್ಟೇ.

ಇನ್ನೊಂದು ಫ್ರಾನ್ಸ್. ಅಲ್ಲಿ 1997ರ ಕಾನೂನಿನಿಂದ ಹದಿನೆಂಟು ತುಂಬುವವರ ಹೆಸರು ತಾನಾಗಿ ಸೇರುತ್ತದೆ. ಆದರೆ ಸೇರುವುದು ಸಾಮಾನ್ಯವಾಗಿ ಅಪ್ಪ ಅಮ್ಮನ ಮನೆಯ ವಿಳಾಸಕ್ಕೆ. ಓದಲು ದೂರ ಹೋದವನ ಹೆಸರು ಒಂದು ಊರಲ್ಲಿ, ಮನುಷ್ಯ ಇನ್ನೊಂದು ಊರಲ್ಲಿ. ವಿಳಾಸ ಬದಲಿಸುವುದು ಅವನ ಪಾಲಿಗೇ ಉಳಿದಿದೆ. ನೋಡಿ, ತಿರುಗಾಡಿ ಕೊನೆಗೆ ಮತ್ತೆ ಬಾಗಿಲಿಗೇ ಬಂದೆವು. ಮೊದಲ ಸಲ ಸೇರಿಸುವುದಕ್ಕಿಂತ, ಆಮೇಲೆ ಅವರ ಹಿಂದೆ ಹೋಗುವುದು ಕಷ್ಟದ ಕೆಲಸ. ಒಬ್ಬ ಇಪ್ಪತ್ತೆರಡರ ಹುಡುಗ ನಾಲ್ಕು ವರ್ಷದಲ್ಲಿ ಐದು ಮನೆ ಬದಲಿಸಿರುತ್ತಾನೆ. ಪ್ರತಿ ಸಲವೂ ಹೊಸ ಫಾರಂ, ಹೊಸ ಪುರಾವೆ, ಹೊಸ ವಿಚಾರಣೆ. ಪುರಾವೆಗೆ ಬಾಡಿಗೆ ಕರಾರು ಕೇಳಿದರೆ ಮನೆ ಮಾಲೀಕರು ಗುರ್ ಅನ್ನುತ್ತಾರೆ. ನಾಲ್ಕು ಜನ ಹಂಚಿಕೊಂಡ ಮನೆಯಾದರೆ ಕರಾರಿನಲ್ಲಿ ಇರುವುದು ಒಬ್ಬನ ಹೆಸರು, ಉಳಿದ ಮೂವರು ಕಾಗದದ ಪ್ರಕಾರ ಎಲ್ಲೂ ಇಲ್ಲ.

ಭಾರತದಲ್ಲಿ 2011ರಿಂದ ಪ್ರತಿ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಮಾಡುತ್ತೀರಿ. ಕಾಲೇಜುಗಳಲ್ಲಿ ಪ್ರತಿಜ್ಞೆ, ರಂಗೋಲಿ, ಭಾಷಣ. ಬೇರೆ ದೇಶಗಳಲ್ಲೂ ಇಂಥ ದಿನಗಳು ಇವೆ. ನಾನೂ ಅಲ್ಲಿ ಭಾಷಣ ಮಾಡಿದ್ದೇನೆ, ತಪ್ಪೊಪ್ಪಿಕೊಳ್ಳುತ್ತೇನೆ. ವೋಟು ಪವಿತ್ರ ಅಂತ ಹೇಳಿ ಕೆಳಗಿಳಿದು ಬಂದರೆ, ಕೇಳಿದವರು ವೋಟು ಪವಿತ್ರವೋ ಅಲ್ಲವೋ ಅಂತ ಕೇಳಲಿಲ್ಲ. ಹಾಸ್ಟೆಲ್ ಪತ್ರ ಎಲ್ಲಿ ಸಿಗುತ್ತೆ ಸರ್ ಅಂತ ಕೇಳಿದರು. ಅದೇ ದಿನ ನಿಮ್ಮ ಒಬ್ಬ ಅಧಿಕಾರಿ ಸೀಲು ಹಿಡಿದು ಆ ಹಾಸ್ಟೆಲ್ಲಿನಲ್ಲಿ ಕೂತಿದ್ದರೆ ಭಾಷಣವೇ ಬೇಕಾಗಿರಲಿಲ್ಲ.

ಅದನ್ನೇ ಈಗ ಕೇಳುತ್ತಿದ್ದೇನೆ. ಓದುವ ಜಾಗಕ್ಕೆ, ದುಡಿಯುವ ಜಾಗಕ್ಕೆ ನೀವೇ ಬನ್ನಿ, ವರ್ಷಕ್ಕೆ ಒಂದು ದಿನ ಅಲ್ಲ, ಪ್ರತಿ ದಾಖಲಾತಿ ಹೊತ್ತಿಗೆ. ಹಾಸ್ಟೆಲ್ ಪತ್ರ ಕೊಡುವುದು ಸಂಸ್ಥೆಯವರ ಮರ್ಜಿ ಆಗದೆ ಕಡ್ಡಾಯ ಆಗಲಿ. ಅದೂ ಇಲ್ಲದವರಿಗೆ, ಜೊತೆಯಲ್ಲಿ ಇರುವ ಇನ್ನೊಬ್ಬ ಮತದಾರ ಸಾಕ್ಷಿ ಹೇಳಿದರೆ ಒಪ್ಪಿಕೊಳ್ಳಿ. ಕೆನಡಾದಲ್ಲಿ ಅದಕ್ಕೆ ಅವಕಾಶ ಇದೆ. ತಿರಸ್ಕಾರ ಮಾಡುವ ಮುಂಚೆ ಒಂದು ಫೋನು ಮಾಡಿ. ಬೀಗ ಹಾಕಿದ ಮನೆ ನೋಡಿ ವಾಸವಿಲ್ಲ ಅಂತ ಬರೆಯುವವರಿಗೆ, ಇನ್ನೊಂದು ಸಲ ಹೋಗದೆ ಹಾಗೆ ಬರೆಯಬಾರದು ಅಂತ ಹೇಳಿ. ಕೊನೆಯ ದಿನವನ್ನು ಎಷ್ಟು ಸಾಧ್ಯವೋ ಅಷ್ಟು ಮತದಾನದ ಹತ್ತಿರಕ್ಕೆ ತನ್ನಿ.

ಇದೆಲ್ಲ ಬೇಡ, ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಕಚೇರಿಗೆ ಹೊಸದಾಗಿ ಸೇರಿದವರು ಒಬ್ಬರಾದರೂ ಇರುತ್ತಾರೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಬೇರೆ ಊರಿನಿಂದ ಬಂದು ಯಾರದೋ ಜೊತೆ ರೂಮು ಹಂಚಿಕೊಂಡವರು. ತಮ್ಮ ಕೆಲಸದ ಬಗ್ಗೆ ಯಾರಿಗೂ ಹೇಳದೆ, ಎಲ್ಲರ ಹಾಗೆ ಹೆಸರು ಸೇರಿಸಲು ಅವರನ್ನು ಕಳಿಸಿ. ಫಾರಂ ತುಂಬಲಿ, ಪುರಾವೆ ಹುಡುಕಲಿ, ವಿಚಾರಣೆಗೆ ಬರುವವರನ್ನು ಕಾಯಲಿ. ಪಟ್ಟಿಯಲ್ಲಿ ಹೆಸರು ಬರಲು ಎಷ್ಟು ದಿನ ಆಯಿತು ಅಂತ ಬರೆದಿಡಿ.

ನನ್ನ ವಿದ್ಯಾರ್ಥಿನಿ ಮೂರನೆಯ ಸಲ ಅರ್ಜಿ ಹಾಕಿ ಇವತ್ತಿಗೆ 71 ದಿನ. ಬೆಳಿಗ್ಗೆ ಫೋನಿನಲ್ಲಿ ತೆಗೆದು ತೋರಿಸಿದಳು. "ಪರಿಶೀಲನೆಯಲ್ಲಿದೆ" ಅಂತಿತ್ತು.

ಇಂತಿ,
ಫಾರಂ ತುಂಬಿಸುವ ಒಬ್ಬ ಮೇಷ್ಟ್ರು